ನರ್ಸಿಂಗ್ ಬರದಿದ್ದರೂ ಹಾಸ್ಪಿಸ್‌ನಲ್ಲಿ ಸ್ವಯಂಸೇವೆ ಮಾಡಬಹುದಾ?

ಪ್ರಶ್ನೆ: ನನಗೆ ವೈದ್ಯಕೀಯ ಏನೂ ಗೊತ್ತಿಲ್ಲ. ವಾರಕ್ಕೊಮ್ಮೆ, ಗುಣವಾಗದ ಕಾಯಿಲೆಯವರನ್ನು ಕೊನೆಯವರೆಗೆ ನೋಡಿಕೊಳ್ಳುವ ಹಾಸ್ಪಿಸ್‌ಗೆ ಹೋಗಿ ಕೈಲಾದ ಸಹಾಯ ಮಾಡೋಣ ಅಂತಿದ್ದೀನಿ. ನನ್ನಂಥವರನ್ನು ಸೇರಿಸಿಕೊಳ್ಳುತ್ತಾರಾ? ಅಲ್ಲಿ ಮಾರ್ಫಿನ್ ಕೊಟ್ಟು ಬೇಗ ಕಳಿಸಿಬಿಡ್ತಾರೆ ಅಂತ ಮನೇಲಿ ಹೆದರಿಸ್ತಾರೆ, ನಿಜಾನಾ?

ಸೇರಿಸಿಕೊಳ್ಳುತ್ತಾರೆ. ಔಷಧಿ ಕೊಡುವುದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು ನರ್ಸ್‌ಗಳ ಕೆಲಸ, ಅದನ್ನು ನಿಮಗೆ ಯಾರೂ ಹೇಳುವುದಿಲ್ಲ. ನೀವು ಪೇಪರ್ ಓದಿ ಹೇಳಬಹುದು, ತಲೆ ಬಾಚಬಹುದು, ಚೌಕಾಬಾರ ಆಡಬಹುದು. ಹಗಲೂ ರಾತ್ರಿ ಪಕ್ಕದಲ್ಲೇ ಕೂತಿರುವ ಹೆಂಡತಿಯೋ ಮಗನೋ ಸ್ನಾನ ಮಾಡಿ ಊಟ ಮುಗಿಸಿ ಬರುವವರೆಗೆ ಆ ಕುರ್ಚಿಯಲ್ಲಿ ನೀವು ಕೂತರೂ ಅದು ದೊಡ್ಡ ಕೆಲಸವೇ. ಮಾತಾಡಲೇಬೇಕು ಅಂತೇನಿಲ್ಲ. ಜನರ ಜೊತೆ ಕೂರುವುದು ಆಗದಿದ್ದರೆ ಆಫೀಸಿನ ಲೆಕ್ಕ, ಅಡುಗೆಮನೆ, ತೋಟ ಇದ್ದೇ ಇರುತ್ತವೆ.

ಒಂದೆರಡು ವಿಷಯ ಮಾತ್ರ ನೆನಪಿಡಿ. ನರ್ಸ್‌ನ ಕೇಳದೆ ಒಂದು ಲೋಟ ನೀರೂ ಕುಡಿಸಬೇಡಿ, ನುಂಗಲು ಆಗದವರಿಗೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಫೋಟೊ ಬೇಡ. ಯಾವುದೋ ಊರಿನ ನಾಟಿ ಔಷಧಿಯ ವಿಳಾಸವಂತೂ ಬೇಡವೇ ಬೇಡ. ಹುಟ್ಟುಹಬ್ಬದ ದಿನ ಬಾಳೆಹಣ್ಣು ಹಂಚಿ ಸೆಲ್ಫಿ ತೆಗೆದು ಹೋಗುವವರಿಗಿಂತ, ಪ್ರತಿ ಬುಧವಾರ ತಪ್ಪದೆ ಎರಡು ಗಂಟೆ ಬರುವವರು ಬೇಕು. ಮನೆಯಲ್ಲಿ ಈಚೆಗೆ ಸಾವಾಗಿದ್ದರೆ ಸ್ವಲ್ಪ ದಿನ ತಡೆದು ಹೋಗುವುದು ಒಳ್ಳೆಯದು.

ಇನ್ನು ಮಾರ್ಫಿನ್. ಇದಕ್ಕೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಎಂಜಿನಿಯರು ಕೇಳುತ್ತಾರೆ, ಮೇಷ್ಟ್ರು ಕೇಳುತ್ತಾರೆ, ಪಕ್ಕದ ಮನೆ ಅಜ್ಜಿಯೂ ಕೇಳುತ್ತಾರೆ. ಆದರೂ ಇನ್ನೊಂದು ಸಲ ಹೇಳುತ್ತೇನೆ, ಯಾಕೆಂದರೆ ನೀವು ಅಲ್ಲಿಗೆ ಹೋದ ಮೇಲೆ ಪೇಷಂಟ್ ಮನೆಯವರು ಡಾಕ್ಟರ್ ಹತ್ತಿರ ಕೇಳಲು ಹೆದರಿ ನಿಮ್ಮನ್ನೇ ಕಾರಿಡಾರ್‌ನಲ್ಲಿ ನಿಲ್ಲಿಸಿ ಇದನ್ನು ಕೇಳುತ್ತಾರೆ.

ಮಾರ್ಫಿನ್ ನೋವಿನ ಔಷಧಿ. ಕ್ಯಾನ್ಸರ್ ನೋವಿಗೆ ಅದನ್ನು ಬಾಯಿ ಮೂಲಕ, ಹೊತ್ತು ಹೊತ್ತಿಗೆ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಮಾತ್ರೆ. ಸಣ್ಣ ಪ್ರಮಾಣದಲ್ಲಿ ಶುರು ಮಾಡಿ, ನೋವು ನೋಡಿಕೊಂಡು ಹೆಚ್ಚಿಸುತ್ತಾರೆ. ಪ್ರಮಾಣ ಮೀರಿದರೆ ಉಸಿರಾಟಕ್ಕೆ ಅಪಾಯ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ವಿಪರೀತ ಮಂಪರು ಬರುತ್ತದೆ. ಅದನ್ನು ಗಮನಿಸಿ ಪ್ರಮಾಣ ಇಳಿಸಲು ತಾನೇ ಅಲ್ಲಿ ನರ್ಸ್‌ಗಳು ಇರುವುದು? ತೆಗೆದುಕೊಳ್ಳುವವರನ್ನು ನಿಜವಾಗಿ ಕಾಡುವುದು ಮಲಬದ್ಧತೆ, ಅದಕ್ಕೇ ಮಾರ್ಫಿನ್ ಜೊತೆಗೇ ಹೊಟ್ಟೆ ಸಡಿಲವಾಗುವ ಔಷಧಿಯನ್ನೂ ಬರೆದುಕೊಡುತ್ತಾರೆ. ನೋವಿಗೆ ಅಂತ ಹೀಗೆ ಲೆಕ್ಕದಲ್ಲಿ ಕೊಟ್ಟಾಗ ಚಟ ಹತ್ತುವುದು ತೀರಾ ಅಪರೂಪ.

ಹಾಗಾದರೆ 'ಬೇಗ ಕಳಿಸ್ತಾರೆ' ಅನ್ನುವ ಮಾತು ಹುಟ್ಟಿದ್ದು ಹೇಗೆ? ನಮ್ಮ ಜನ ಹಾಸ್ಪಿಸ್‌ಗೆ ಬರುವುದೇ ಕೊನೇ ವಾರದಲ್ಲಿ. ಎಲ್ಲಾ ಆಸ್ಪತ್ರೆ ಸುತ್ತಿ, ಹೊಲ ಮಾರಿ, ಕೊನೆಗೆ ಬರುತ್ತಾರೆ. ಸೋಮವಾರ ಮಾರ್ಫಿನ್ ಶುರು, ಶುಕ್ರವಾರ ಸಾವು. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು. ಇನ್ನೊಂದು ಕಾರಣವೂ ಇದೆ. ವಾರಗಟ್ಟಲೆ ನೋವಿನಲ್ಲಿ ಕಣ್ಣು ಮುಚ್ಚದವರು ನೋವು ಇಳಿದ ತಕ್ಷಣ ಒಂದೆರಡು ದಿನ ಗಾಢವಾಗಿ ಮಲಗುತ್ತಾರೆ. ಮನೆಯವರು 'ಅಯ್ಯೋ, ಕಣ್ಣೇ ಬಿಡ್ತಿಲ್ಲ, ಏನೋ ಕೊಟ್ಟುಬಿಟ್ಟರು' ಅಂತ ಗಾಬರಿಯಾಗುತ್ತಾರೆ. ನಿದ್ದೆ ಕಂಡು ಹೆದರುವಷ್ಟು ಹೊತ್ತು ಅವರೂ ಆ ನರಳಾಟ ನೋಡಿರುತ್ತಾರೆ, ತಪ್ಪು ಅವರದ್ದಲ್ಲ.

ಈ ಭಯಕ್ಕೆ ಕಾನೂನೂ ನೀರೆರೆಯಿತು. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸ್ ಮೇಲೆ ಲೈಸೆನ್ಸ್, ತಪ್ಪಿದರೆ ಜೈಲು. ಯಾಕಪ್ಪಾ ತಲೆನೋವು ಅಂತ ಮೆಡಿಕಲ್ ಶಾಪ್‌ನವರು ಮಾರ್ಫಿನ್ ಇಡುವುದನ್ನೇ ಬಿಟ್ಟರು. ಮಧ್ಯಪ್ರದೇಶ, ರಾಜಸ್ಥಾನದ ಹೊಲಗಳಲ್ಲಿ ಸರ್ಕಾರದ ಪರವಾನಗಿಯಿಂದಲೇ, ಮಾರ್ಫಿನ್ ತಯಾರಾಗುವ ಅಫೀಮು ಬೆಳೆದು ಹೊರದೇಶಕ್ಕೆ ಕಳಿಸುತ್ತಿದ್ದೆವು, ಇಲ್ಲಿನ ರೋಗಿಗೆ ಮಾತ್ರ ಒಂದು ಮಾತ್ರೆ ಸಿಗುತ್ತಿರಲಿಲ್ಲ! 2014ರ ತಿದ್ದುಪಡಿ ನಿಯಮ ಸಡಿಲಿಸಿತು. ಭಯ ಸಡಿಲವಾಗಲಿಲ್ಲ.

ಬೇಗ ಬಂದರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಉದಾಹರಣೆ ಹೇಳುತ್ತೇನೆ. 2010ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಒಂದು ಅಧ್ಯಯನ ಬಂತು. ದೇಹದಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೆ ಚಿಕಿತ್ಸೆಯ ಜೊತೆಗೇ ಮೊದಲಿಂದ ಉಪಶಾಮಕ ಆರೈಕೆಯನ್ನೂ, ಅಂದರೆ ನೋವು, ಸಂಕಟ ಇಳಿಸುವ ಆರೈಕೆಯನ್ನೂ ಕೊಟ್ಟರು. ಅವರು ಬರೀ ಚಿಕಿತ್ಸೆ ಪಡೆದವರಿಗಿಂತ ನೆಮ್ಮದಿಯಾಗಿದ್ದರು, ಜೊತೆಗೆ ಅವರಿಗಿಂತ ಸುಮಾರು ಎರಡೂವರೆ ತಿಂಗಳು ಹೆಚ್ಚು ಬದುಕಿದರು. 'ಬೇಗ ಕಳಿಸ್ತಾರೆ' ಅನ್ನುವವರಿಗೆ ಇದನ್ನು ಹೇಳಿ.

ನೋಡಿದರೆ ನಂಬುತ್ತೀರಿ ಅಂದರೆ ಬೆಂಗಳೂರಿನವರು ಮಾರತಹಳ್ಳಿ ಕಡೆಯ ಕರುಣಾಶ್ರಯಕ್ಕೆ ಒಮ್ಮೆ ಹೋಗಿ ಬನ್ನಿ. ಕ್ಯಾನ್ಸರ್ ಕೊನೇ ಹಂತದಲ್ಲಿರುವವರಿಗೆ 1999ರಿಂದ ಅಲ್ಲಿ ಒಂದು ಪೈಸೆ ತೆಗೆದುಕೊಳ್ಳದೆ ಆರೈಕೆ ನಡೆಯುತ್ತಿದೆ. ನೋವು ಹತೋಟಿಗೆ ಬಂದ ಮೇಲೆ ಮನೆಗೆ ವಾಪಸ್ ಹೋಗುವವರೂ ಇದ್ದಾರೆ, ಮನೆಗೇ ಹೋಗಿ ನೋಡುವ ತಂಡವೂ ಇದೆ.

ಇಷ್ಟು ಹೇಳಿದ ಮೇಲೆ ಕೆಲವರು 'ಹಾಗಾದ್ರೆ ಇದು ದಯಾಮರಣ ಅಲ್ವಾ?' ಅನ್ನುತ್ತಾರೆ. ಅಲ್ಲ. ಇಂಜೆಕ್ಷನ್ ಕೊಟ್ಟು ಜೀವ ತೆಗೆಯುವುದು ನಮ್ಮ ದೇಶದಲ್ಲಿ ಅಪರಾಧ, ಹಾಸ್ಪಿಸ್‌ನಲ್ಲೂ ಅಷ್ಟೇ, ಹೊರಗೂ ಅಷ್ಟೇ. 'ಗುಣವಾಗುವ ಆಸೆಯೇ ಇಲ್ಲದಾಗ ನನಗೆ ವೆಂಟಿಲೇಟರ್ ಹಾಕಬೇಡಿ' ಅಂತ ಮೊದಲೇ ಬರೆದಿಡುವ ಹಕ್ಕು ಬೇರೆ. ಅದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು. ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು, ಹಾಗಾಗಿ ಯಾರೂ ಆ ಗೋಜಿಗೆ ಹೋಗಲಿಲ್ಲ. 2023ರಲ್ಲಿ ಅದನ್ನು ಸುಲಭ ಮಾಡಿದರು. ಈಗ ಇಬ್ಬರು ಸಾಕ್ಷಿಗಳು, ಮೇಲೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಈ ತೀರ್ಪು ಜಾರಿ ಮಾಡಲು ಸುತ್ತೋಲೆ ಹೊರಡಿಸಿತು.

ನೀವು ಇದನ್ನು ಕೇಳಿರಲಿಲ್ಲ, ಗೊತ್ತು. ಆದರೆ ಬರೆದಿಡಲು ಕಾಯಿಲೆ ಬರಬೇಕಿಲ್ಲ, ವಯಸ್ಸಾಗಬೇಕಿಲ್ಲ, ಹದಿನೆಂಟು ತುಂಬಿ ಬುದ್ಧಿ ಸರಿಯಿದ್ದರೆ ಆಯಿತು. ನಿಮ್ಮ ಪರವಾಗಿ ಯಾರು ಮಾತಾಡಬೇಕು ಅನ್ನುವ ಹೆಸರನ್ನೂ ಅದರಲ್ಲೇ ಬರೆಯಿರಿ. ಪ್ರತಿಯನ್ನು ಮಕ್ಕಳಿಗೂ ಮನೆ ಡಾಕ್ಟರಿಗೂ ಕೊಡಿ. ಬೀರುವಿನೊಳಗೆ ಸೀರೆಗಳ ಕೆಳಗೆ ಬಚ್ಚಿಟ್ಟರೆ ಐಸಿಯು ಬಾಗಿಲಲ್ಲಿ ನಿಂತವರಿಗೆ ಅದು ಸಿಗುವುದಿಲ್ಲ.