ಹಂಪಿ ಹಾಳಾಯ್ತು, ಕಾಲುವೆ ನಿಲ್ಲಲಿಲ್ಲ

ಹಂಪಿಗೆ ಹೋದವರೆಲ್ಲ ಕಲ್ಲಿನ ರಥದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬಾಳೆ ತೋಟಗಳ ಪಕ್ಕ ಹರಿಯುವ ತುರ್ತಾ ಕಾಲುವೆಯನ್ನು ತಿರುಗಿ ನೋಡುವವರು ಕಡಿಮೆ. ಗುಡಿಗಳ ಸಾಲಿಗೂ ಅರಮನೆಯ ಆವರಣಕ್ಕೂ ನಡುವಿನ ತಗ್ಗಿನಲ್ಲಿ ಅದರ ದಾರಿ. ವಿಜಯನಗರದ ಅರಸರ ಕಾಲದ್ದು, ಇವತ್ತಿಗೂ ಗದ್ದೆಗೆ ನೀರುಣಿಸುತ್ತಿದೆ.

ಆಗಿನವರ ಉಪಾಯ ಸರಳ. ತುಂಗಭದ್ರೆಯ ಪಾತ್ರದಲ್ಲಿ ಬಂಡೆಗಳಿಗೇನೂ ಬರವಿಲ್ಲ. ಅವುಗಳ ನಡುವಿನ ಸಂದುಗಳಿಗೆ ದೊಡ್ಡ ಕಲ್ಲು ಪೇರಿಸಿ ಅಡ್ಡಕಟ್ಟೆ ಮಾಡಿದರು. ಇದು ನೀರು ಕೂಡಿಡುವ ಕಟ್ಟೆಯಲ್ಲ. ಮಟ್ಟ ಒಂದಿಷ್ಟು ಏರಿದರೆ ಸಾಕು, ನೀರು ಕಾಲುವೆಗೆ ಹೊರಳುತ್ತದೆ. ಪ್ರವಾಹ ಬಂದರೆ ಕಲ್ಲುಗಳ ಮೇಲೇ ಹಾದುಹೋಗುತ್ತದೆ. ಮುಂದಿನದೆಲ್ಲ ಇಳಿಜಾರಿನ ಕೆಲಸ, ಏತವೂ ಬೇಡ, ಪಂಪೂ ಬೇಡ.

ಇಂಥದ್ದೊಂದು ಕಟ್ಟೆಯ ಕಥೆಯನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ 1530ರ ದಶಕದಲ್ಲಿ ಬರೆದಿಟ್ಟಿದ್ದಾನೆ. ಹಿಂದಿನ ಅರಸನೊಬ್ಬ ಆನೆಗಳಿಂದ ಎಳೆಸಿ ತಂದ ಒಂದೇ ಬಂಡೆ ಬಿದ್ದದ್ದೇ ತಡ, ಹೊಳೆ ಅವನು ಹೇಳಿದ ಕಡೆ ತಿರುಗಿತಂತೆ. ಅದು ಸ್ವಲ್ಪ ಜಾಸ್ತಿಯೇ ಆಯ್ತು, ಬಿಡಿ. ಆದರೆ ನೂನಿಜನೇ ಹೇಳುವ ಇನ್ನೊಂದು ಮಾತು ನಂಬುವಂತಿದೆ: ಆ ಅರಸನಿಗೆ ಅಪ್ಪ ಬಿಟ್ಟುಹೋದ ಖಜಾನೆಯೆಲ್ಲ ಈ ಕೆಲಸಕ್ಕೇ ಖರ್ಚಾಯಿತು, ಊರಿನ ಸುತ್ತ ನಿಂಬೆ, ಕಿತ್ತಳೆ, ಗುಲಾಬಿ ತೋಟಗಳೆದ್ದವು. ಮುಂದೆ ಕೃಷ್ಣದೇವರಾಯನೂ 1521ರಲ್ಲಿ ಬಸವಣ್ಣ ಕಾಲುವೆ ತೋಡಿಸಿದ.

1565ರ ತಾಳಿಕೋಟೆ ಯುದ್ಧದ ನಂತರ ರಾಜಧಾನಿ ಬರಿದಾಯಿತು. ಕಾಲುವೆ ಉಳಿಯಿತು. ಯಾರೇ ಆಳಲಿ, ನೀರಾವರಿ ಗದ್ದೆಯ ಕಂದಾಯ ಬೇಕೇ ಬೇಕಲ್ವಾ? ರೈತನಿಗಂತೂ ಅನ್ನದ ಪ್ರಶ್ನೆ.

ದೊಡ್ಡ ಬದಲಾವಣೆ ಬಂದದ್ದು 1953ರಲ್ಲಿ, ತುಂಗಭದ್ರಾ ಅಣೆಕಟ್ಟೆಯಿಂದ. ಬಸವಣ್ಣ ಕಾಲುವೆಗೆ ನೀರು ತಿರುಗಿಸುತ್ತಿದ್ದ ವಲ್ಲಭಾಪುರದ ಹಳೇ ಕಟ್ಟೆ ಜಲಾಶಯದಲ್ಲಿ ಮುಳುಗಿತು. ಆ ಕಾಲುವೆಗೂ ಇನ್ನೊಂದು ಹಳೇ ಕಾಲುವೆಯಾದ ರಾಯ ಕಾಲುವೆಗೂ ಈಗ ನೀರು ಬರುವುದು ಅಣೆಕಟ್ಟೆಯಿಂದಲೇ. ಕೆಳಗಿನ ತುರ್ತಾಗೂ ಜಲಾಶಯದಿಂದ ನದಿಗೆ ಬಿಟ್ಟ ನೀರೇ ಗತಿ.

ಇತ್ತೀಚೆಗೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಸಾಲದ ನೆರವಿನಿಂದ ವಿಜಯನಗರ ಕಾಲುವೆಗಳ ಆಧುನೀಕರಣ ನಡೆಯಿತು. ಕಾಂಕ್ರೀಟ್ ಹಾಕಿದರೆ ಸೋರಿಕೆ ಕಡಿಮೆಯಾಗುತ್ತದೆ, ಕೊನೆಯ ಗದ್ದೆಗೂ ನೀರು ಮುಟ್ಟುತ್ತದೆ. ಆದರೆ ಹಳೇ ಕಲ್ಲಿನ ಕೆಲಸ ಅದರಡಿ ಹೂತುಹೋಗುತ್ತದೆ. ನನಗೆ ಕೇಳಿದರೆ ರೈತನ ಪಾಲಿನ ನೀರೇ ಮೊದಲು. ಗುಡಿಗೆ ಕೊಡುವ ಕಾಳಜಿಯಲ್ಲಿ ಕಾಲು ಭಾಗವನ್ನಾದರೂ ಈ ಕಲ್ಲುಗಳಿಗೂ ಕೊಡಬಹುದಿತ್ತು.

2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋಯಿತು. ತುಂಬಿದ್ದ ನೀರು ನದಿಪಾಲಾಯಿತು. ಹೊಳೆಗೆ ಅಡ್ಡಲಾಗಿದ್ದ ಕಲ್ಲುಗಳನ್ನು ನಂಬಿ ಶುರುವಾದ ಕಾಲುವೆಗಳು ಈಗ ಅಣೆಕಟ್ಟೆಯ ಗೇಟುಗಳನ್ನು ನಂಬಿಕೊಂಡಿವೆ.