ಯೋಗದ ಮೇಷ್ಟ್ರ ಕೈ ಎಷ್ಟು ಭಾರ?

ಬದ್ಧಕೋನಾಸನದಲ್ಲಿ ಕೂತಿದ್ದೀರಿ. ಅಂಗಾಲಿಗೆ ಅಂಗಾಲು ಸೇರಿಸಿ, ಪಾದ ಹಿಡಿದುಕೊಂಡು, ಮಂಡಿಗಳನ್ನು ಪಕ್ಕಕ್ಕೆ ಬಿಟ್ಟಿದ್ದೀರಿ. ಪಕ್ಕದ ಮ್ಯಾಟಿನವರ ಮಂಡಿ ಆರಾಮಾಗಿ ನೆಲ ಮುಟ್ಟಿದೆ. ನಿಮ್ಮದು ಇನ್ನೂ ಗೇಣುದ್ದ ಮೇಲಿದೆ. ಮೇಷ್ಟ್ರು ಹಿಂದಿನಿಂದ ಬಂದು ಎರಡೂ ಮಂಡಿಗಳ ಮೇಲೆ ಕೈಯಿಟ್ಟು ಒತ್ತುತ್ತಾರೆ. "ಬಿಡಿ, ಸಡಿಲ ಬಿಡಿ, ಇನ್ನೂ ಹೋಗತ್ತೆ."

ಹೋಗತ್ತಾ? ಅದನ್ನು ನಿಮ್ಮ ಸೊಂಟದ ಮೂಳೆಯನ್ನೇ ಕೇಳಬೇಕು. ತೊಡೆಮೂಳೆಯ ಮೇಲ್ತುದಿಯಲ್ಲಿ ಒಂದು ಗುಂಡು ಇದೆ. ಅದು ಸೊಂಟದ ಗುಳಿಯೊಳಗೆ ಕೂತು ತಿರುಗುತ್ತದೆ. ಆ ಗುಳಿ ಎಷ್ಟು ಆಳ, ಯಾವ ಕಡೆಗೆ ಮುಖ ಮಾಡಿದೆ, ಗುಂಡಿನ ಕೆಳಗಿರುವ ಮೂಳೆಯ ಕತ್ತು ಎಷ್ಟು ಮುಂದಕ್ಕೆ ತಿರುಗಿದೆ ಎಂಬುದೆಲ್ಲ ಒಬ್ಬೊಬ್ಬರಿಗೆ ಒಂದೊಂದು ಥರ. ಕೆಲವರಿಗೆ ಒಂದು ಹಂತದಲ್ಲಿ ಮೂಳೆಗೆ ಮೂಳೆ ತಾಗಿ ಅಲ್ಲಿಗೇ ನಿಲ್ಲುತ್ತದೆ. ಇದು ಅಭ್ಯಾಸ ಸಾಲದು ಅಂತಲ್ಲ, ಮನಸ್ಸು ಬಿಗಿಯಾಗಿದೆ ಅಂತಲೂ ಅಲ್ಲ. ವರ್ಷಗಟ್ಟಲೆ ಕೂತರೂ ಮೂಳೆ ದಾರಿ ಬಿಡುವುದಿಲ್ಲ.

ಇನ್ನೊಂದು ವಿಷಯ. ದೊಡ್ಡವರ ತೊಡೆಮೂಳೆ ಸುಮಾರು 40ರಿಂದ 45 ಸೆಂಟಿಮೀಟರ್ ಉದ್ದ. ಮಂಡಿಯ ಮೇಲೆ ಒತ್ತುವುದೆಂದರೆ ಅಷ್ಟುದ್ದದ ಸನ್ನೆಗೋಲಿನ ತುದಿಯನ್ನು ಒತ್ತಿದಂತೆ. ಕೈಗೆ ಕಡಿಮೆ ಅನಿಸುವ ಬಲ ಸೊಂಟದ ಹತ್ತಿರ ಹಲವು ಪಟ್ಟಾಗುತ್ತದೆ. ಸೊಂಟ ಅಷ್ಟರಲ್ಲೇ ನಿಂತುಬಿಟ್ಟಿದ್ದರೆ ಆ ಬಲ ಎಲ್ಲಿಗಾದರೂ ಹೋಗಲೇಬೇಕಲ್ವಾ? ಅದು ಮಂಡಿಗೆ ಹೋಗುತ್ತದೆ. ಮಂಡಿ ಮುಖ್ಯವಾಗಿ ಮಡಿಚಿ ಬಿಡಿಸುವುದಕ್ಕೆಂದೇ ಇರುವ ಕೀಲು. ತಿರುಚಿದರೆ, ಪಕ್ಕಕ್ಕೆ ಬಾಗಿಸಿದರೆ ಅದಕ್ಕೆ ಆಗಿಬರುವುದಿಲ್ಲ. ಅದರೊಳಗಿನ ಅರ್ಧಚಂದ್ರದಂಥ ಮೆದುಮೂಳೆ ಒಮ್ಮೆ ಹರಿದರೆ ಎಷ್ಟೋ ಸಲ ತಾನಾಗಿ ಕೂಡಿಕೊಳ್ಳುವುದಿಲ್ಲ, ಏಕೆಂದರೆ ಅದರ ಒಳಭಾಗಕ್ಕೆ ರಕ್ತದ ಸರಬರಾಜೇ ಇಲ್ಲ.

ಮೂಳೆ ಅಡ್ಡ ಬಾರದ ಆಸನಗಳಲ್ಲಿ ಕತೆ ಬೇರೆ. ಪಶ್ಚಿಮೋತ್ತಾನಾಸನ ತಗೊಳ್ಳಿ. ಕಾಲು ಚಾಚಿ ಮುಂದಕ್ಕೆ ಬಾಗಿದಾಗ ತೊಡೆಯ ಹಿಂದಿನ ಸ್ನಾಯು ಎಳೆಯುತ್ತದೆ. ಮೇಷ್ಟ್ರು ಬೆನ್ನ ಮೇಲೆ ಭಾರ ಹಾಕಿದರೆ ಆ ಸ್ನಾಯು ಉದ್ದವಾಗುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಆದರೆ ಕೆಲವು ವಾರ ಎಳೆತದ ವ್ಯಾಯಾಮ ಮಾಡಿಸಿ ಅಳೆದು ನೋಡಿದವರಿಗೆ ಹೆಚ್ಚಾಗಿ ಕಂಡದ್ದು ಬೇರೆಯೇ. ಸ್ನಾಯುವಿನ ಗುಣ ಅಷ್ಟೇನೂ ಬದಲಾಗಿರುವುದಿಲ್ಲ. ಆ ಎಳೆತವನ್ನು ತಡೆದುಕೊಳ್ಳುವ ಶಕ್ತಿ ಹೆಚ್ಚಾಗಿರುತ್ತದೆ. ಎಲ್ಲಿ ನಿಲ್ಲಬೇಕು ಎನ್ನುವುದನ್ನು ಬಹುಪಾಲು ತೀರ್ಮಾನಿಸುವುದು ನರಮಂಡಲ. ಬಾಗುವಿಕೆ ಹೆಚ್ಚುವುದೆಂದರೆ, "ಇಲ್ಲಿವರೆಗೆ ಬಂದರೂ ಅಪಾಯ ಇಲ್ಲ" ಅಂತ ಅದು ಒಪ್ಪಿಕೊಳ್ಳುವುದು.

ಒಪ್ಪಿಸುವ ಕೆಲಸ ದಬ್ಬುವುದರಿಂದ ಆಗುವುದಿಲ್ಲ. ಸ್ನಾಯುಗಳ ಒಳಗೆ ಕದಿರಿನಾಕಾರದ ಪುಟ್ಟ ಸಂವೇದಕಗಳಿವೆ. ಸ್ನಾಯು ಎಷ್ಟು ಎಳೆದಿದೆ, ಎಷ್ಟು ಬೇಗ ಎಳೆಯುತ್ತಿದೆ ಎಂಬ ಎರಡನ್ನೂ ಅವು ಬೆನ್ನುಹುರಿಗೆ ವರದಿ ಮಾಡುತ್ತವೆ. ಗಕ್ಕನೆ ಎಳೆದರೆ ಬೆನ್ನುಹುರಿ ಮಿದುಳನ್ನೂ ಕೇಳದೆ ಆ ಸ್ನಾಯುವನ್ನು ಬಿಗಿಗೊಳಿಸುತ್ತದೆ. ಡಾಕ್ಟರು ಮಂಡಿಗೆ ಸುತ್ತಿಗೆ ತಟ್ಟಿದಾಗ ಕಾಲು ಚಿಮ್ಮುವುದು ಇದೇ ಕಾರಣಕ್ಕೆ. ಹಿಂದಿನಿಂದ ಒಮ್ಮೆಲೇ ಬೆನ್ನು ಅದುಮಿದ ಮೇಷ್ಟ್ರಿಗೂ ಸಿಗುವ ಉತ್ತರ ಅದೇ. ಅವರು ಒತ್ತುತ್ತಾರೆ, ಸ್ನಾಯು ಹಿಡಿದುಕೊಳ್ಳುತ್ತದೆ. ಈ ಹಗ್ಗಜಗ್ಗಾಟದಲ್ಲಿ ಪೆಟ್ಟು ತಿನ್ನುವುದು ಆ ಸ್ನಾಯು ಪೃಷ್ಠದ ಕೆಳಗೆ, ಕೂರುವ ಮೂಳೆಗೆ ಅಂಟಿಕೊಂಡಿರುವ ಜಾಗ. ಜಾಸ್ತಿ ಮುಂದಕ್ಕೆ ಬಾಗುವ ಅಭ್ಯಾಸ ಇರುವವರು "ಕೂತರೆ ಅಲ್ಲೇ ಚುಚ್ಚತ್ತೆ" ಅಂತ ದೂರುವ ಜಾಗವೂ ಅದೇ. ಅಲ್ಲಿ ಆದ ನೋವು ಬೇಗ ವಾಸಿಯಾಗುವುದೂ ಇಲ್ಲ.

ಹಾಗಾದರೆ ಮುಟ್ಟುವುದೇ ಬೇಡವಾ? ಅವಸರ ಬೇಡ. ಮೆತ್ತಗಿನ ಸ್ಪರ್ಶದ ಬಗ್ಗೆ 1994ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜೆಕಾ ಮತ್ತು ಲ್ಯಾಕ್ನರ್ ಪ್ರಕಟಿಸಿದ ಪ್ರಯೋಗ ನನಗೆ ತುಂಬ ಇಷ್ಟ. ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಜನರನ್ನು ನಿಲ್ಲಿಸಿದರು. ಹಾಗೆ ನಿಂತರೆ ಮೈ ತೂಗಾಡುತ್ತದೆ. ಪಕ್ಕದಲ್ಲಿ ಒಂದು ಪಟ್ಟಿ ಇಟ್ಟು ಅದಕ್ಕೆ ಬೆರಳ ತುದಿ ತಾಗಿಸಲು ಹೇಳಿದರು. ಷರತ್ತು ಇಷ್ಟೇ: ಬೆರಳು ಒತ್ತುವ ಬಲ ಒಂದು ನ್ಯೂಟನ್ ಮೀರಬಾರದು, ಅಂದರೆ ಸುಮಾರು 100 ಗ್ರಾಂ ಭಾರದಷ್ಟು. ಮೈಗೆ ಆಸರೆ ಕೊಡಲು ಅಷ್ಟು ಬಲ ಏನೇನೂ ಸಾಲದು. ಆದರೂ ತೂಗಾಟ ಗಣನೀಯವಾಗಿ ಇಳಿಯಿತು. ಬೆರಳು ಮೈಯನ್ನು ಎತ್ತಿ ಹಿಡಿಯಲಿಲ್ಲ. ಮೈ ಯಾವ ಕಡೆಗೆ ವಾಲುತ್ತಿದೆ ಅಂತ ಮಿದುಳಿಗೆ ಸುದ್ದಿ ಕೊಟ್ಟಿತು, ಅಷ್ಟೇ.

ಮನೆಯಲ್ಲೇ ನೋಡಬಹುದು. ಗೋಡೆಯ ಪಕ್ಕ ವೃಕ್ಷಾಸನದಲ್ಲಿ ನಿಂತು ಕಣ್ಣು ಮುಚ್ಚಿ. ನೆಲದ ಮೇಲಿನ ಪಾದ ಗಡಬಡ ಶುರು ಮಾಡುತ್ತದೆ. ಹೆಬ್ಬೆರಳು ನೆಲ ಕಚ್ಚುತ್ತದೆ, ಹಿಮ್ಮಡಿ ಒಳಗೂ ಹೊರಗೂ ಹೊಯ್ದಾಡುತ್ತದೆ. ಈಗ ತೋರುಬೆರಳನ್ನು ಗೋಡೆಗೆ ಸುಮ್ನೆ ತಾಗಿಸಿ. ಪಾದದ ಗದ್ದಲ ಇಳಿಯುತ್ತದೆ. ಒಳ್ಳೆಯ ಯೋಗ ಶಿಕ್ಷಕರ ಕೈ ಆ ಗೋಡೆಯ ಕೆಲಸ ಮಾಡುತ್ತದೆ. ತ್ರಿಕೋನಾಸನದಲ್ಲಿ ನಿಂತವರ ಮೇಲಿನ ಪಕ್ಕೆಲುಬಿಗೆ ಎರಡು ಬೆರಳು ತಾಗಿಸಿ "ಇಲ್ಲಿಂದ ತಿರುಗಿ" ಅಂದರೆ ಸಾಕು, ಹತ್ತು ವಾಕ್ಯದಲ್ಲಿ ಹೇಳಲಾಗದ್ದು ಮೈಗೆ ತಿಳಿದುಹೋಗುತ್ತದೆ. ಹಾಗೆ ತಿಳಿಯುವುದಕ್ಕೆ ಒತ್ತಡವನ್ನು ಗುರುತಿಸುವ ಪ್ರೋಟೀನುಗಳು ನಮ್ಮ ನರದ ತುದಿಗಳಲ್ಲಿವೆ. ಅವನ್ನು ಪತ್ತೆ ಮಾಡಿದ್ದಕ್ಕೆ ಆರ್ಡೆಮ್ ಪಟಾಪೂಟಿಯನ್ 2021ರಲ್ಲಿ ನೊಬೆಲ್ ಹಂಚಿಕೊಂಡರು. ಅವುಗಳಲ್ಲೊಂದಾದ ಪೀಜೋ-2 ಹುಟ್ಟಿನಿಂದಲೇ ಕೆಲಸ ಮಾಡದವರು ಕಣ್ಣಿಗೆ ಬಟ್ಟೆ ಕಟ್ಟಿದರೆ ನೆಟ್ಟಗೆ ನಡೆಯಲು ಒದ್ದಾಡುತ್ತಾರೆ.

ತೊಂದರೆ ಬರುವುದು ಎರಡು ಬೆರಳು ಎರಡು ಅಂಗೈ ಆದಾಗ, ಅಂಗೈ ಮೇಲೆ ಮೈಭಾರ ಬಿದ್ದಾಗ. ಮಜಾ ಏನೆಂದರೆ, ಒತ್ತುವವರಿಗೆ ತಾವು ಎಷ್ಟು ಒತ್ತುತ್ತಿದ್ದೇವೆ ಅಂತ ಸರಿಯಾಗಿ ಗೊತ್ತೇ ಆಗುವುದಿಲ್ಲ. 2003ರಲ್ಲಿ ಲಂಡನ್ನಿನ ವಿಜ್ಞಾನಿಗಳು ಇಬ್ಬಿಬ್ಬರನ್ನು ಕೂರಿಸಿ, ಒಬ್ಬರು ಇನ್ನೊಬ್ಬರ ಬೆರಳನ್ನು ಸರದಿಯ ಮೇಲೆ ಒತ್ತುವಂತೆ ಹೇಳಿದರು. ನಿಮಗೆ ಎಷ್ಟು ಬಲ ಬಿತ್ತೋ ಅಷ್ಟೇ ವಾಪಸ್ ಕೊಡಿ ಅಂದರು. ಇಬ್ಬರೂ ಪ್ರಾಮಾಣಿಕವಾಗಿಯೇ ಮಾಡಿದರು. ಆದರೂ ಒಂದೊಂದು ಸರದಿಗೂ ಬಲ ಏರುತ್ತಲೇ ಹೋಯಿತು. ತಾನು ಮಾಡುವ ಚಲನೆಯ ಪರಿಣಾಮವನ್ನು ಮಿದುಳು ಮೊದಲೇ ಊಹಿಸಿ, ಆ ಅನುಭವವನ್ನು ತಗ್ಗಿಸಿಬಿಡುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಳ್ಳಲು ಆಗದಿರುವುದೂ ಇದರಿಂದಲೇ. "ನಾನು ಮೆತ್ತಗೆ ಹೊಡೆದೆ, ಅವನೇ ಜೋರಾಗಿ ಹೊಡೆದ" ಅಂತ ಅಣ್ಣತಮ್ಮಂದಿರು ಜಗಳ ಆಡುವಾಗ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. "ಸ್ವಲ್ಪವೇ ಒತ್ತಿದ್ದು" ಎನ್ನುವ ಯೋಗ ಮೇಷ್ಟ್ರೂ ಅಷ್ಟೇ. ಮ್ಯಾಟ್ ಮೇಲಿರುವವರ ನೋವೂ ಅವರ ಕೈಗೆ ತಿಳಿಯುವುದಿಲ್ಲ. ತಿಳಿಯಬೇಕಾದರೆ ಕೇಳಬೇಕು.

ಇನ್ನು ಯಾರ ಕೈ ಅನ್ನುವ ಪ್ರಶ್ನೆ. ಕೂದಲಿರುವ ಚರ್ಮದಲ್ಲಿ ನಿಧಾನಗತಿಯ ಒಂದು ಬಗೆಯ ನರತಂತುಗಳಿವೆ. ಅವುಗಳ ಸುದ್ದಿ ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದಲ್ಲಿ ಸಾಗುತ್ತದೆ. ಬೆಚ್ಚಗಿನ ಕೈ ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸವರಿದರೆ ಅವು ಹೆಚ್ಚು ಸ್ಪಂದಿಸುತ್ತವೆ. ಅಮ್ಮ ಮಗುವಿನ ಬೆನ್ನು ಸವರುವ ವೇಗ ಅದು. ಸ್ಪರ್ಶದಿಂದ ಹಿತ ಅನಿಸುವುದರಲ್ಲಿ ಈ ತಂತುಗಳ ಪಾತ್ರ ದೊಡ್ಡದು. ಆದರೆ ಹಿತವೋ ಅಹಿತವೋ ಎಂಬುದನ್ನು ಚರ್ಮ ಒಂದೇ ತೀರ್ಮಾನಿಸುವುದಿಲ್ಲ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗಂಡಸರ ಕಾಲನ್ನು ಒಬ್ಬರು ಸವರಿದರು. ಸವರುತ್ತಿರುವುದು ಹೆಂಗಸು ಅಂತ ಒಮ್ಮೆ, ಗಂಡಸು ಅಂತ ಒಮ್ಮೆ ನಂಬಿಸಲಾಗಿತ್ತು. ನಿಜವಾಗಿ ಸವರಿದ್ದು ಎರಡೂ ಸಲ ಹೆಂಗಸೇ. ಆದರೂ ಮಿದುಳಿನಲ್ಲಿ ಸ್ಪರ್ಶವನ್ನು ಮೊದಲು ಬರಮಾಡಿಕೊಳ್ಳುವ ಭಾಗವೇ ಎರಡು ಥರ ಪ್ರತಿಕ್ರಿಯಿಸಿತು. ನಂಬಿಕೆ, ಭಯ, ಇಷ್ಟಾನಿಷ್ಟಗಳು ಸ್ಪರ್ಶದ ಮೇಲೆ ಆಮೇಲೆ ಹಚ್ಚುವ ಬಣ್ಣವಲ್ಲ, ಅದರೊಳಗೇ ಬೆರೆತಿರುತ್ತವೆ.

ಈ ಮಾತು ನಮ್ಮ ಮೈಸೂರಿಗೆ ತುಂಬ ಹತ್ತಿರದ್ದು. ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರ ಶಿಷ್ಯ ಕೆ. ಪಟ್ಟಾಭಿ ಜೋಯಿಸರು ಅಷ್ಟಾಂಗ ವಿನ್ಯಾಸ ಯೋಗವನ್ನು ಲಕ್ಷ್ಮೀಪುರದಿಂದ, ಆಮೇಲೆ ಗೋಕುಲಂನಿಂದ ಜಗತ್ತಿಗೆಲ್ಲ ಹಬ್ಬಿಸಿದರು. "ಮೈಸೂರು ಶೈಲಿ"ಯ ಕ್ಲಾಸಿನಲ್ಲಿ ಎಲ್ಲರೂ ತಮ್ಮ ಪಾಡಿಗೆ ಅಭ್ಯಾಸ ಮಾಡುತ್ತಾರೆ, ಗುರುಗಳು ನಡುವೆ ಓಡಾಡುತ್ತ ಕೈಯಿಂದ ತಿದ್ದುತ್ತಾರೆ. ಜೋಯಿಸರು 2009ರಲ್ಲಿ ತೀರಿಕೊಂಡರು. ಅವರು ಅಡ್ಜಸ್ಟ್ ಮಾಡುವ ನೆಪದಲ್ಲಿ ತಮ್ಮನ್ನು ಲೈಂಗಿಕವಾಗಿ ಮುಟ್ಟುತ್ತಿದ್ದರು ಎಂದು ಹಲವು ವಿದೇಶಿ ಶಿಷ್ಯೆಯರು ಬಹಿರಂಗವಾಗಿ ಹೇಳಿದರು. 2019ರಲ್ಲಿ ಮೊಮ್ಮಗ ಶರತ್ ಜೋಯಿಸ್, ತಾತ ಸರಿಯಲ್ಲದ ಅಡ್ಜಸ್ಟ್‌ಮೆಂಟ್ ಮಾಡಿದ್ದನ್ನು ತಾವೂ ಕಂಡಿದ್ದಾಗಿ ಬರೆದು, ಅದರಿಂದ ನೋವುಂಡ ಶಿಷ್ಯರ ಕ್ಷಮೆ ಕೇಳಿದರು.

"ಆಗಲೇ ಯಾಕೆ ಹೇಳಲಿಲ್ಲ" ಅಂತ ಕೇಳುವವರು ಇದ್ದೇ ಇರುತ್ತಾರೆ. ತಲೆ ಕೆಳಗೆ ಹಾಕಿ, ಕಾಲು ಮೇಲೆ ಮಾಡಿ, ಉಸಿರು ಎಣಿಸುತ್ತಿರುವ ಒಬ್ಬರು ಗುರುವಿಗೆ "ಬೇಡ" ಅನ್ನುವುದು ಎಷ್ಟು ಸುಲಭ ಅಂತ ಅವರೇ ಯೋಚಿಸಲಿ. ಹೆದರಿಕೆಯಲ್ಲಿ ಎಷ್ಟೋ ಜನರ ಮೈ ಮರಗಟ್ಟುತ್ತದೆ, ದನಿ ಹೊರಡುವುದಿಲ್ಲ. ಸುಮ್ಮನಿದ್ದರು ಅಂದರೆ ಒಪ್ಪಿದರು ಅಂತಲ್ಲ. ಅದಕ್ಕೇ ಈಗ ಕೆಲವು ಸ್ಟುಡಿಯೋಗಳಲ್ಲಿ ಮ್ಯಾಟಿನ ಮೂಲೆಯಲ್ಲಿ ಇಡಲು ಒಂದು ಕಾರ್ಡ್ ಕೊಡುತ್ತಾರೆ. ಒಂದು ಕಡೆ "ಮುಟ್ಟಬಹುದು", ತಿರುವಿ ಹಾಕಿದರೆ "ಬೇಡ". ಕ್ಲಾಸಿನ ಮಧ್ಯದಲ್ಲೂ ತಿರುವಿ ಹಾಕಬಹುದು. ಗುರುಶಿಷ್ಯ ಸಂಬಂಧಕ್ಕೆ ಇದು ಶೋಭೆಯಲ್ಲ ಅಂತ ಮೂಗು ಮುರಿಯುವವರಿದ್ದಾರೆ. ನನಗಂತೂ ಇದು ದೇಹಶಾಸ್ತ್ರಕ್ಕೇ ಒಪ್ಪುವ ಮಾತು ಅನಿಸುತ್ತದೆ. ಕೈ ಬರುತ್ತದೆಂದು ಮೊದಲೇ ಗೊತ್ತಿದ್ದರೆ ಮೈ ಬೆಚ್ಚುವುದಿಲ್ಲ. ಬೆಚ್ಚದ ಸ್ನಾಯು ಬಿಗಿಯುವುದೂ ಕಡಿಮೆ.

ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆನಿಂತ ಬಿ.ಕೆ.ಎಸ್. ಅಯ್ಯಂಗಾರ್ ಕೂಡ ಅದೇ ಕೃಷ್ಣಮಾಚಾರ್ಯರ ಶಿಷ್ಯರು. ಅವರ ಕೈಯೂ ಮೆತ್ತಗಿನ ಕೈಯೇನಲ್ಲ. ಆದರೆ ಬೆಲ್ಟು, ಮರದ ಬ್ಲಾಕು, ಹಗ್ಗ, ಕುರ್ಚಿ ಇವನ್ನೆಲ್ಲ ಯೋಗಕ್ಕೆ ತಂದು ಬಳಕೆಗೆ ಬಿಟ್ಟವರು ಅವರೇ. ಪಾದಕ್ಕೆ ಬೆಲ್ಟ್ ಹಾಕಿ ಎಳೆದುಕೊಂಡಾಗ ಎಳೆಯುವವರೂ ನೀವೇ, ನೋವು ತಿಳಿಯುವವರೂ ನೀವೇ, ಸಾಕು ಅನಿಸಿದ ಕ್ಷಣ ಬಿಡುವವರೂ ನೀವೇ. 2020ರ ಲಾಕ್‌ಡೌನಿನಲ್ಲಿ ಕ್ಲಾಸುಗಳು ಝೂಮ್‌ಗೆ ಹೋದಾಗ ಶಿಕ್ಷಕರಿಗೆ ಮುಟ್ಟುವ ದಾರಿಯೇ ಉಳಿಯಲಿಲ್ಲ. ಆಗ "ನಿಮ್ಮ ಬಲಗೈಯನ್ನೇ ಕೆಳ ಪಕ್ಕೆಲುಬಿನ ಮೇಲಿಡಿ, ಉಸಿರು ಒಳಗೆ ಹೋದಾಗ ಅದು ಹಿಂದಕ್ಕೆ ತೆರೆಯತ್ತಾ ನೋಡಿ" ಅಂತ ಹೇಳಿಕೊಡುವುದನ್ನು ಎಷ್ಟೋ ಜನ ಕಲಿತರು. ಕ್ಲಾಸುಗಳು ಮತ್ತೆ ಹಾಲಿಗೆ ಬಂದ ಮೇಲೂ ಕೆಲವರು ಅದನ್ನು ಬಿಟ್ಟಿಲ್ಲ.