ನಾಯಿ, ಬೆಕ್ಕಿಗೆ ಮನೆ ಅಡುಗೆ: ಬರೀ ಮಾಂಸ ಸಾಲದು

ಪ್ಯಾಕೆಟ್ ಆಹಾರ ಬಿಟ್ಟು ನಾಯಿ, ಬೆಕ್ಕಿಗೆ ಮನೆಯಲ್ಲೇ ಬೇಯಿಸಿ ಹಾಕಬೇಕು ಅನ್ನುವ ಆಸೆ ಒಳ್ಳೆಯದೇ. ಏನು ಹಾಕುತ್ತಿದ್ದೇವೆ ಅಂತ ಕಣ್ಣಿಗೆ ಕಾಣುತ್ತದೆ. ನೀರಿನಂಶವೂ ಜಾಸ್ತಿ. ಒಣ ಆಹಾರದಲ್ಲಿ ನೀರು ಶೇ. 10ರ ಆಸುಪಾಸು, ಬೇಯಿಸಿದ ಮಾಂಸದಲ್ಲಿ ಶೇ. 60ಕ್ಕೂ ಮೇಲೆ. ಬೆಕ್ಕಿಗೆ ಬಾಯಾರಿಕೆ ಕಡಿಮೆ, ಹಾಗಾಗಿ ಅದಕ್ಕೆ ಇದು ದೊಡ್ಡ ಲಾಭ.

ಆದರೆ ಬೆಕ್ಕು ಇಲಿ ಹಿಡಿದಾಗ ತಿನ್ನುವುದೇನು? ಮಾಂಸದ ಜೊತೆ ಮೂಳೆ, ಲಿವರ್, ಹೃದಯ, ರಕ್ತ ಎಲ್ಲವೂ ಹೊಟ್ಟೆ ಸೇರುತ್ತದೆ. ನಾವು ಹಾಕುವುದು ಮೂಳೆ ತೆಗೆದ ಕೋಳಿಮಾಂಸ. 100 ಗ್ರಾಂ ಎದೆಮಾಂಸದಲ್ಲಿ ರಂಜಕ (ಫಾಸ್ಫರಸ್) ಸುಮಾರು 200 ಮಿಲಿಗ್ರಾಂ ಇದ್ದರೆ, ಕ್ಯಾಲ್ಸಿಯಂ ಹತ್ತು ಹದಿನೈದು ಮಿಲಿಗ್ರಾಂ ಅಷ್ಟೇ. ದೇಹ ಕೇಳುವುದು ಎರಡೂ ಸರಿಸುಮಾರು ಸಮ, ಅಥವಾ ಕ್ಯಾಲ್ಸಿಯಂ ತುಸು ಜಾಸ್ತಿ.

ಈ ಕೊರತೆಯನ್ನು ದೇಹ ಸುಮ್ನೆ ಬಿಡುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಹೃದಯ, ನರ, ಸ್ನಾಯು ಎಲ್ಲಕ್ಕೂ ಅಪಾಯ. ಅದಕ್ಕೇ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನು ಸುರಿಸಿ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆಯುತ್ತವೆ. ರಕ್ತಪರೀಕ್ಷೆಯಲ್ಲಿ ಎಲ್ಲ ಸರಿಯಿದೆ ಅಂತಲೇ ಬರಬಹುದು, ಒಳಗೆ ಮೂಳೆ ತೆಳ್ಳಗಾಗುತ್ತಿರುತ್ತದೆ. ಬೆಳೆಯುವ ಮರಿಗಳಿಗಂತೂ ಇದು ಬಹಳ ಬೇಗ ತಟ್ಟುತ್ತದೆ. ಬರೀ ಮಾಂಸ ತಿಂದು ಬೆಳೆದ ಮರಿ ಕುರ್ಚಿಯಿಂದ ಹಾರಿದರೂ ಕಾಲು ಮುರಿಯಬಹುದು. ಅಷ್ಟು ಪ್ರೀತಿಯಿಂದ ಬೇಯಿಸಿ ಹಾಕಿದವರಿಗೆ ಅದು ಎಂಥ ಸಂಕಟ, ಅಲ್ವಾ?

ಹಾಗಂತ ಬೇಯಿಸಿದ ಮೂಳೆ ಹಾಕಬಾರದು. ಅದು ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ. ಮೊಟ್ಟೆಯ ಚಿಪ್ಪು ತೊಳೆದು, ಬಿಸಿಯಲ್ಲಿ ಚೆನ್ನಾಗಿ ಒಣಗಿಸಿ, ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿದರೆ ಅರ್ಧ ಟೀ ಚಮಚದಲ್ಲಿ ಸುಮಾರು 1 ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಎಷ್ಟು ಬೆರೆಸಬೇಕು ಅನ್ನುವುದು ಪ್ರಾಣಿಯ ತೂಕ, ವಯಸ್ಸು ನೋಡಿ ವೈದ್ಯರು ಹೇಳಬೇಕು. ಮರಿಗಳಿಗೆ, ಅದರಲ್ಲೂ ದೊಡ್ಡ ತಳಿಯ ನಾಯಿಮರಿಗಳಿಗೆ, ಹೆಚ್ಚಾದರೂ ಕಷ್ಟವೇ.

ಬೆಕ್ಕಿನದು ಇನ್ನೊಂದು ಸಮಸ್ಯೆ. ಟೌರಿನ್ ಎಂಬ ವಸ್ತುವನ್ನು ಅದು ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಸಿಗದಿದ್ದರೆ ಕಣ್ಣಿನ ರೆಟಿನಾ ಹಾಳಾಗುತ್ತದೆ, ಹೃದಯ ಊದಿ ಸೋಲುತ್ತದೆ. ಹೃದಯದ ಈ ನಂಟನ್ನು 1987ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಹೃದ್ರೋಗದ ಬೆಕ್ಕುಗಳಲ್ಲಿ ತೋರಿಸಿಕೊಟ್ಟರು. ಆ ಬೆಕ್ಕುಗಳು ತಿನ್ನುತ್ತಿದ್ದದ್ದು ಪ್ಯಾಕೆಟ್ ಆಹಾರವನ್ನೇ! ಟೌರಿನ್ ಕೊಟ್ಟಾಗ ಹೃದಯ ಚೇತರಿಸಿಕೊಂಡಿತು. ಆಮೇಲೆ ಕಂಪನಿಗಳು ಅದನ್ನು ಹೆಚ್ಚು ಸೇರಿಸತೊಡಗಿದವು. ಮನೆಯಲ್ಲಿ ಆ ಜವಾಬ್ದಾರಿ ನಮ್ಮದು. ಟೌರಿನ್ ನೀರಿನಲ್ಲಿ ಕರಗುತ್ತದೆ. ಮಾಂಸ ಬೇಯಿಸಿದ ನೀರನ್ನು ಚೆಲ್ಲಿದರೆ ಅದರ ಜೊತೆ ಟೌರಿನ್ನೂ ಹೋಯಿತು. ಆ ರಸವನ್ನು ಊಟಕ್ಕೇ ಸುರಿಯಿರಿ. ಹೃದಯದ ಮಾಂಸದಲ್ಲಿ ಟೌರಿನ್ ಚೆನ್ನಾಗಿದೆ. ಆದರೂ ಪೂರಕವಾಗಿ ಬೇರೆ ಟೌರಿನ್ ಬೆರೆಸುವುದೇ ಕ್ಷೇಮ.

ನಾಯಿ ಇಷ್ಟು ಕಟ್ಟುನಿಟ್ಟಲ್ಲ. ಪಿಷ್ಟ ಜೀರ್ಣಿಸುವ ಎಎಂವೈ2ಬಿ ಎಂಬ ಜೀನ್ ತೋಳದಲ್ಲಿ ಸಾಮಾನ್ಯವಾಗಿ 2 ಪ್ರತಿ ಇದ್ದರೆ, ನಾಯಿಯಲ್ಲಿ 4ರಿಂದ 30 ಇರುತ್ತವೆ ಎಂದು 2013ರಲ್ಲಿ ತಿಳಿಯಿತು. ಮನುಷ್ಯನ ಜೊತೆ ಬಾಳಿದ್ದಕ್ಕೆ ಬಂದ ಬದಲಾವಣೆ ಇದು. ಹಾಗಾಗಿ ಬೆಂದ ಅನ್ನ, ಗೆಣಸು ನಾಯಿಗೆ ದಕ್ಕುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಮಾತ್ರ ಯಾವತ್ತೂ ಬೇಡ.

ಅದೇ 2013ರಲ್ಲಿ, ಪುಸ್ತಕ ಮತ್ತು ಇಂಟರ್ನೆಟ್‌ನಿಂದ ಆಯ್ದ, ನಾಯಿಗಳಿಗಾಗಿ ಬರೆದ 200 ಅಡುಗೆಗಳನ್ನು ಪರೀಕ್ಷಿಸಿದಾಗ ಶೇ. 95ರಲ್ಲಿ ಕನಿಷ್ಠ ಒಂದು ಪೋಷಕಾಂಶವಾದರೂ ಕಡಿಮೆಯಿತ್ತು. ಪಶುವೈದ್ಯರು ಬರೆದ ಕೆಲವೂ ಅದರಲ್ಲಿ ಸೇರಿದ್ದವು. ದಿನಕ್ಕೊಂದು ಅಡುಗೆ ಬದಲಾಯಿಸಿದರೆ ಸರಿಹೋಗುತ್ತದೆ ಅನ್ನುವ ನಂಬಿಕೆಯೂ ನಿಲ್ಲಲಿಲ್ಲ, ಏಕೆಂದರೆ ಹಲವು ಅಡುಗೆಗಳಲ್ಲಿ ಕಾಣೆಯಾಗಿದ್ದದ್ದು ಅವೇ ಪೋಷಕಾಂಶಗಳು. ಪೋಷಣೆಯನ್ನೇ ಓದಿದ ಪಶುವೈದ್ಯರಿಂದ ನಿಮ್ಮ ಪ್ರಾಣಿಗೆಂದೇ ಅಳತೆ ಬರೆಸಿಕೊಳ್ಳಿ. ಬರೆದದ್ದರಲ್ಲಿ ಒಂದನ್ನೂ ಬಿಡಬೇಡಿ.

ಊಟ ಬದಲಿಸುವಾಗ ಒಂದು ವಾರ, ಹತ್ತು ದಿನ ತಗೊಳ್ಳಿ. ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ. ಹಸಿವಾದರೆ ತಾನೇ ತಿನ್ನುತ್ತೆ ಅಂತ ಬೆಕ್ಕನ್ನು ಉಪವಾಸ ಕೆಡವಬೇಡಿ. ಎರಡು ಮೂರು ದಿನ ಊಟ ಬಿಟ್ಟರೂ ಅದರ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಕುತ್ತು ಬರಬಹುದು.